ಇಪ್ಪತ್ತೊಂದನೆಯ ನಿಯಮದ ಚೀಟಿ

ಮಧುಗಿರಿಯ ಮುನಸೀಫ್ ಕೋರ್ಟಿನ ಎದುರಿಗೆ, ರಸ್ತೆ ದಾಟಿದರೆ, ಹೆಂಚು ಹೊದಿಸಿದ ಉದ್ದನೆಯ ಕೊಠಡಿಯೊಂದಿತ್ತು. ಬಸವಲಿಂಗಯ್ಯನವರೆಂಬ ಹಳೆಯ ವಕೀಲರು ಸಾಯುವ ಮುಂಚೆ ತಮ್ಮ ಕಾನೂನು ಪುಸ್ತಕಗಳನ್ನೆಲ್ಲ ಊರಿನ ವಕೀಲರ ಉಪಯೋಗಕ್ಕೆ ಬಿಟ್ಟುಕೊಟ್ಟು, ಅವನ್ನಿಡಲೆಂದು ಕಟ್ಟಿಸಿದ ಕೊಠಡಿ ಅದು. ಅದರ ಬೀಗದ ಕೈ ಇಪ್ಪತ್ತೆರಡು ವರ್ಷಗಳಿಂದ ಪರ್ವತಯ್ಯನ ಸೊಂಟದಲ್ಲಿತ್ತು.

ಪರ್ವತಯ್ಯ ಲೋಯರ್ ಸೆಕೆಂಡರಿ ಮುಗಿಸಿ, ಮೊದಲು ಕೋರ್ಟಿನ ಹೊರಗೆ ನಕಲು ಬರೆಯುತ್ತಿದ್ದವನು. ಅಕ್ಷರ ದುಂಡಗಿತ್ತು, ನೆನಪು ಗಟ್ಟಿಯಿತ್ತು. ಅದನ್ನು ಕಂಡೇ ಬಸವಲಿಂಗಯ್ಯನವರು ಅವನನ್ನು ಪುಸ್ತಕಗಳಿಗೆ ಕಾವಲಿಟ್ಟರು. ಹೊರಗಿನಿಂದ ನೋಡುವವರಿಗೆ ಅದು ಧೂಳು ಹೊಡೆಯುವ ಕೆಲಸದಂತೆ ಕಾಣುತ್ತಿತ್ತು. ಆದರೆ ಸರ್ಕಾರ ಈ ವರ್ಷ ಮಾಡಿದ ನಿಯಮವನ್ನು ಮುಂದಿನ ವರ್ಷ ತಿದ್ದುತ್ತದೆ. ತಿದ್ದಿದ್ದು ಬೆಂಗಳೂರಿನಿಂದ ಬರುವ ಗೆಜೆಟ್ಟಿನಲ್ಲಿರುತ್ತದೆಯೇ ಹೊರತು, ಬೀರುವಿನಲ್ಲಿರುವ ಪುಸ್ತಕಕ್ಕೆ ತಾನಾಗಿ ಬಂದು ಸೇರುವುದಿಲ್ಲ. ಪರ್ವತಯ್ಯ ಗೆಜೆಟ್ಟನ್ನು ಸಾಲುಸಾಲಾಗಿ ಓದಿ, ಬದಲಾದ ಮಾತನ್ನು ಸಣ್ಣ ಚೀಟಿಯಲ್ಲಿ ಬರೆದು, ಪುಸ್ತಕದ ಹಳೆಯ ಸಾಲಿನ ಮೇಲೆ ಅಂಟಿಸುತ್ತಿದ್ದ. ಹುಣಸೆಬೀಜದ ಪುಡಿ ಕಾಯಿಸಿ, ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸಿ ಅಂಟನ್ನೂ ತಾನೇ ಮಾಡಿಕೊಳ್ಳುತ್ತಿದ್ದ. ಮಧುಗಿರಿಯ ವಕೀಲರು ಗೆಜೆಟ್ಟು ಓದುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಪರ್ವತಯ್ಯನ ಚೀಟಿ ಓದಿದರೆ ಸಾಕು ಎನ್ನುವ ನಂಬಿಕೆ ಬೇರೂರಿತ್ತು.

ಅವನಿಗೊಂದು ಸಂಘವೂ ಇತ್ತು. ಅದು ಶುರುವಾದದ್ದು ಹೀಗೆ. ಶಿರಾದ ವಕೀಲರ ಪುಸ್ತಕಗಳನ್ನು ನೋಡಿಕೊಳ್ಳುತ್ತಿದ್ದ ದಸ್ತಗೀರ್ ಸಾಹೇಬರು ಒಂದು ದಿನ ಕಾಗದ ಬರೆದು, ತಮ್ಮಲ್ಲಿ ಒಂದು ಸಂಪುಟದ ಹದಿನಾಲ್ಕು ಪುಟಗಳನ್ನು ಗೆದ್ದಲು ತಿಂದಿದೆ, ಮಧುಗಿರಿಯಲ್ಲಿ ಅದು ಇದೆಯೇ ಎಂದು ಕೇಳಿದ್ದರು. ಪರ್ವತಯ್ಯ ಆ ಹದಿನಾಲ್ಕೂ ಪುಟಗಳನ್ನು ಕೈಯಲ್ಲಿ ನಕಲು ಮಾಡಿ ಕಳಿಸಿದ. ಅಲ್ಲಿಂದ ಇಬ್ಬರೂ ಕಾಗದದ ಮೇಲೆ ಸ್ನೇಹಿತರಾದರು. ಮುಂದೆ ಕೊರಟಗೆರೆಯ ವೆಂಕಟರಾಮಯ್ಯ, ಪಾವಗಡದ ಅಡವಯ್ಯ ಸೇರಿಕೊಂಡರು. ಇವರಿಬ್ಬರ ಕೈಕೆಳಗೆ ಇದ್ದದ್ದು ಒಂದೆರಡು ಬೀರು ಪುಸ್ತಕ ಅಷ್ಟೆ. ಆದರೂ ಬೀರು ಚಿಕ್ಕದಾದ ಮಾತ್ರಕ್ಕೆ ಕಾನೂನು ಬದಲಾಗುವುದು ನಿಲ್ಲುವುದಿಲ್ಲವಲ್ಲ. ಮೂರು ತಿಂಗಳಿಗೊಮ್ಮೆ ಒಂದು ಭಾನುವಾರ, ಒಂದೊಂದು ಸಲ ಒಂದೊಂದು ಊರಿನಲ್ಲಿ ನಾಲ್ವರೂ ಕೂಡುತ್ತಿದ್ದರು. ಒಬ್ಬ ತನ್ನ ಚೀಟಿಗಳ ಪಟ್ಟಿ ಓದುವುದು, ಉಳಿದವರು ತಮ್ಮ ಊರಿನ ಪಟ್ಟಿಯೊಡನೆ ತಾಳೆ ನೋಡುವುದು, ಯಾರಿಗಾದರೂ ಗೆಜೆಟ್ಟಿನ ಸಂಚಿಕೆ ತಪ್ಪಿದ್ದರೆ ಇನ್ನೊಬ್ಬರು ನಕಲು ಕೊಡುವುದು. ಇದಕ್ಕೆ ‘ಕಾನೂನು ಪುಸ್ತಕಪಾಲಕರ ಸಂಘ’ ಎಂದು ವೆಂಕಟರಾಮಯ್ಯ ಹೆಸರಿಟ್ಟು ಒಂದು ರಬ್ಬರು ಮೊಹರನ್ನೂ ಮಾಡಿಸಿದ. ವಕೀಲರು ಇದನ್ನು ಕೇಳಿ ನಕ್ಕರು. ಪರ್ವತಯ್ಯನಿಗೆ ಆ ಭಾನುವಾರಗಳು ಹಬ್ಬದಂತಿದ್ದವು. ಅವನ ಕೆಲಸದ ಕಷ್ಟ ಏನೆಂದು ಬಾಯಿಬಿಟ್ಟು ಹೇಳದೆಯೇ ತಿಳಿಯುವ ಮೂವರು ಆ ಸೀಮೆಯಲ್ಲಿ ಇದ್ದದ್ದೇ ಅವರು.

ಸಾವಿರದ ಒಂಬೈನೂರ ಮೂವತ್ತನಾಲ್ಕರ ಯುಗಾದಿ ಕಳೆದ ಮೊದಲ ಭಾನುವಾರ ಸಭೆ ಮಧುಗಿರಿಯಲ್ಲಿತ್ತು. ಬೆಟ್ಟದ ಬಂಡೆಯ ಬಿಸಿ ಊರಿಗೆಲ್ಲ ಇಳಿಯುವ ಕಾಲ. ಪರ್ವತಯ್ಯನ ಹೆಂಡತಿ ಶಿವರುದ್ರಮ್ಮ ಮಜ್ಜಿಗೆ ಕಳಿಸಿದ್ದಳು. ನಾಲ್ವರೂ ಕಿಟಕಿಯ ಪಕ್ಕ ಚಾಪೆ ಹಾಸಿಕೊಂಡು ಕೂತಿದ್ದರು. ದಸ್ತಗೀರ್ ಸಾಹೇಬರು ಕನ್ನಡಕ ಏರಿಸಿಕೊಂಡು ಕಳೆದ ವರ್ಷದ ತಮ್ಮ ಪೂರ್ತಿ ಪಟ್ಟಿ ಓದುತ್ತಿದ್ದರು.

“ಸರ್ವೆ ಗಡಿ ನಿಯಮಗಳು. ಹನ್ನೆರಡನೇ ನಿಯಮ. ಮೂರು ತಿಂಗಳು ಅಂತ ಇರೋ ಕಡೆ ಆರು ತಿಂಗಳು.”

“ಆಗಿದೆ,” ಎಂದ ವೆಂಕಟರಾಮಯ್ಯ.

“ಐತೆ,” ಎಂದ ಅಡವಯ್ಯ.

ಹಿಂದಿನ ಸಭೆಗಳು ಬೇರೆ ಊರಿನಲ್ಲಾಗಿ ಪಟ್ಟಿಗಳನ್ನಷ್ಟೇ ತಾಳೆ ನೋಡಿದ್ದರು; ಈ ಸಲ ಪುಸ್ತಕವೇ ಕೈಯಳತೆಯಲ್ಲಿತ್ತು, ಪರ್ವತಯ್ಯ ಅದನ್ನು ತೆರೆದು ಹನ್ನೆರಡನೆಯ ನಿಯಮ ನೋಡಿದ. ಅಲ್ಲಿ ಚೀಟಿ ಇರಲಿಲ್ಲ. ‘ಮೂರು ತಿಂಗಳು’ ಎಂಬ ಅಚ್ಚಿನ ಅಕ್ಷರ ಹಾಗೇ ಇತ್ತು. ಅಂಟಿಸಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಹಿಂದಿನ ಶ್ರಾವಣದಲ್ಲಿ ಆರು ವಾರದ ಗೆಜೆಟ್ಟು ಒಟ್ಟಿಗೆ ಬಂದಾಗ ಒಂದೇ ಮಧ್ಯಾಹ್ನದಲ್ಲಿ ನಲವತ್ತು ಚೀಟಿ ಅಂಟಿಸಿ ಮುಗಿಸಿದ್ದ. ಅದನ್ನು ಹೆಂಡತಿಯ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡೂ ಇದ್ದ.

ಮುಂದಿನ ಪುಟಗಳನ್ನು ಮಗುಚುತ್ತ ಹೋದ. ಇಪ್ಪತ್ತೊಂದನೆಯ ನಿಯಮದ ಮೇಲೆ, ತನ್ನದೇ ಅಕ್ಷರದಲ್ಲಿ, ಅಚ್ಚುಕಟ್ಟಾಗಿ ಕೂತಿತ್ತು ಚೀಟಿ: ‘ಆರು ತಿಂಗಳು’. ಅಂಟಿಸುವಾಗ ೧೨ ಎಂಬುದನ್ನು ಅವನ ಕಣ್ಣು ೨೧ ಎಂದು ಓದಿತ್ತು.

“ಸಾಹೇಬರೆ,” ಎಂದ ಪರ್ವತಯ್ಯ. “ನಿಮ್ಮ ಪುಸ್ತಕದಲ್ಲಿ ಇಪ್ಪತ್ತೊಂದನೇ ನಿಯಮ ಏನು ಹೇಳುತ್ತೆ?”

ಸಾಹೇಬರು ಪಟ್ಟಿ ನೋಡಿ ತಲೆಯಾಡಿಸಿದರು. “ಅದಕ್ಕೆ ತಿದ್ದುಪಡಿನೇ ಇಲ್ವಲ್ಲ. ಗಡಿ ಹುಕುಂ ಆದಮೇಲೆ ಸಿವಿಲ್ ಕೋರ್ಟಿಗೆ ಹೋಗೋಕೆ ಒಂದು ವರ್ಷ. ಮೊದ್ಲಿಂದ ಹಂಗೇ ಇರೋದು.”

ಪರ್ವತಯ್ಯ ಪುಸ್ತಕವನ್ನು ತಿರುಗಿಸಿ ಅವರ ಮುಂದಿಟ್ಟ. ಮೂವರೂ ಬಗ್ಗಿ ನೋಡಿದರು. ಮಜ್ಜಿಗೆಯ ಲೋಟ ಹಿಡಿದಿದ್ದ ಅಡವಯ್ಯ ಅದನ್ನು ಮೆಲ್ಲಗೆ ಕೆಳಗಿಟ್ಟ.

“ಕೆಳಗಿನ ಅಕ್ಷರ ಓದಿ ಅಂಟಿಸಿದ್ರೆ ಆಗಲೇ ತಿಳೀತಿತ್ತು,” ಎಂದ ಪರ್ವತಯ್ಯ. “ಓದಲಿಲ್ಲ. ಬೇಗ ಮುಗಿಸ್ತೀನಿ ಅನ್ನೋ ಜಂಬ.”

ವೆಂಕಟರಾಮಯ್ಯ ಎದ್ದು ಬಾಗಿಲವರೆಗೆ ಹೋಗಿ ಹೊರಗೆ ಇಣುಕಿ ಬಂದ. “ಪರ್ವತಯ್ಯನೋರೆ, ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬೇಡಿ. ಒದ್ದೆ ಬಟ್ಟೆ ಇಟ್ರೆ ಹುಣಸೆಬೀಜದ ಅಂಟು ಅರ್ಧ ಗಳಿಗೇಲಿ ಬಿಡುತ್ತೆ. ಇಲ್ಲಿಂದ ಕಿತ್ತು ಅಲ್ಲಿಗೆ ಹಾಕಿ. ಏಳೆಂಟು ತಿಂಗಳಲ್ಲಿ ಇದನ್ನ ಯಾರು ಓದಿದಾರೋ ಇಲ್ವೋ. ನಾವು ನಾಲ್ಕು ಜನ ವಕೀಲರ ದಯದಲ್ಲಿ ಬದುಕೋರು. ಒಬ್ಬರ ಚೀಟಿ ತಪ್ಪು ಅಂದ್ರೆ ನಾಲ್ಕೂ ಊರಿನ ಚೀಟೀನ ಅನುಮಾನದಿಂದ ನೋಡ್ತಾರೆ. ಸಂಘಾನೂ ಮುಚ್ಚು ಅಂತಾರೆ.”

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಅವನಿಗೆ ಮೂವರು ಹೆಣ್ಣುಮಕ್ಕಳಿದ್ದರು, ಕೊರಟಗೆರೆಯ ವಕೀಲರು ಪ್ರತಿ ವರ್ಷ ಅವನ ಕೆಲಸವನ್ನು ಮುಂದುವರಿಸಬೇಕೋ ಬೇಡವೋ ಎಂದು ಚರ್ಚೆ ಮಾಡುತ್ತಿದ್ದರು.

“ಕೀಳಬೇಡಿ,” ಎಂದರು ದಸ್ತಗೀರ್ ಸಾಹೇಬರು. “ತಪ್ಪು ಅಂದ್ರೆ ತಪ್ಪು. ಮಾಫಿ ಸಿಗೋದು ಬಿಡೋದು ಆಮೇಲಿನ ಮಾತು. ವಕೀಲರು ತಮ್ಮ ಕಣ್ಣಿಂದ ನೋಡೋವರೆಗೂ ಆ ಚೀಟಿ ಅಲ್ಲೇ ಇರಲಿ.”

“ಅದಂತಾ ಆಮೇಲೆ ಸಾಮೀ,” ಎಂದ ಅಡವಯ್ಯ. ಅವನ ಕನ್ನಡದಲ್ಲಿ ಪಾವಗಡದ ತೆಲುಗು ಸೇರಿರುತ್ತಿತ್ತು. “ಈ ಚೀಟಿ ಓದಿ ಯಾರಿಗನ್ನ ಕೆಟ್ಟದಾಗೈತಾ, ಅದು ಮೊದ್ಲು ನೋಡಾನ.”

ಪರ್ವತಯ್ಯ ಯಾವ ವಕೀಲರು ಯಾವ ಪುಸ್ತಕ ತೆಗೆಸಿಕೊಂಡರು ಎಂಬುದನ್ನು ತಪ್ಪದೆ ಬರೆದಿಡುತ್ತಿದ್ದ. ಆ ದಾಖಲೆ ಪುಸ್ತಕವನ್ನು ಇಳಿಸಿ ಶ್ರಾವಣದಿಂದ ಈಚೆಗೆ ನೋಡುತ್ತ ಬಂದ. ಸರ್ವೆ ನಿಯಮಗಳನ್ನು ತೆಗೆಸಿದ್ದು ಎರಡೇ ಸಲ. ಮೊದಲನೆಯದು ಇವೆರಡೂ ಅಲ್ಲದ ಬೇರೊಂದು ನಿಯಮಕ್ಕೆ. ಎರಡನೆಯದು ನವೆಂಬರ್ ತಿಂಗಳಲ್ಲಿ, ವಕೀಲ ಮಹಾಲಿಂಗಯ್ಯನವರು, ಇಪ್ಪತ್ತೊಂದನೆಯ ನಿಯಮ. ಪಕ್ಕದಲ್ಲಿ ಕಕ್ಷಿಯ ಹೆಸರು: ಭೀಮಕ್ಕ, ನಿಡುಗಲ್ ಕಡೆಯ ಹಟ್ಟಿ.

ಹೆಸರು ನೋಡಿದ್ದೇ ಪರ್ವತಯ್ಯನಿಗೆ ಮುಖ ನೆನಪಾಯಿತು. ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡು ಕೊಠಡಿಯ ಜಗಲಿಯ ಮೇಲೆ ನೆಟ್ಟಗೆ ಕೂತಿದ್ದ, ನಲವತ್ತೈದರ ಕುರುಬರ ಹೆಂಗಸು. ಅವಳ ಕುರಿ ರೊಪ್ಪ ಅಜ್ಜನ ಕಾಲದಿಂದ ಒಂದೇ ಜಾಗದಲ್ಲಿತ್ತು. ಸುತ್ತ ಕಲ್ಲಿನ ಗೋಡೆ, ಮೇಲೆ ಮುಳ್ಳು. ಸರ್ವೆ ಆಗಿ ಗಡಿ ಗೊತ್ತು ಮಾಡಿದಾಗ ಆ ಜಾಗ ಪಕ್ಕದ ಹೊಲಕ್ಕೆ ಸೇರಿತ್ತು. ಪಾವಗಡ ಸೀಮೆಯ ದಾವೆಗಳೂ ಮಧುಗಿರಿ ಕೋರ್ಟಿಗೇ ಬರುತ್ತಿದ್ದವು; ಕೋರ್ಟಿಗೆ ಹೋಗಬಹುದೇ ಎಂದು ಕೇಳಲು ಬಂದಿದ್ದಳು. ಮಹಾಲಿಂಗಯ್ಯನವರು ಪುಸ್ತಕ ನೋಡಿ, ಆರು ತಿಂಗಳು ಕಳೆದು ಏಳಾಗಿದೆ, ಅವಧಿ ಮೀರಿತು ಎಂದಿದ್ದರು. ಅವಳು ಇಳಿದು ಹೋಗುವಾಗ ನೀರು ಕೊಟ್ಟು, “ಕಾನೂನೇ ಹಂಗಿದೆ ಕಣಮ್ಮ, ನಾನೇ ಪುಟ ತೆಗೆದು ಕೊಟ್ಟೆ” ಎಂದು ಸಮಾಧಾನ ಹೇಳಿದವನು ಪರ್ವತಯ್ಯ.

ಅಡವಯ್ಯ ಬೆರಳು ಮಡಿಸಿ ಎಣಿಸುತ್ತಿದ್ದ. “ನವಂಬರಿಗೆ ಏಳು ತಿಂಗ್ಳು ಅಂದ್ರೆ, ಹುಕುಂ ಆಗಿದ್ದು ಹೋದೊರುಸ ಏಪ್ರಿಲ್‌ನಾಗೆ. ಇದು ಮಾರ್ಚಿ. ಸಾಮೀ, ಒರುಸ ಇನ್ನೂ ತುಂಬಿಲ್ಲ!”

ಮಾರನೆಯ ದಿನ ಬೆಳಿಗ್ಗೆ ಪರ್ವತಯ್ಯ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಮಹಾಲಿಂಗಯ್ಯನವರ ಮನೆಗೆ ಹೋದ. ಅವರು ವಯಸ್ಸಿನಲ್ಲಿ ಇವನಿಗಿಂತ ಹತ್ತು ವರ್ಷ ಚಿಕ್ಕವರು. ಓದು ಮುಗಿಸಿ ಊರಿಗೆ ಬಂದ ಹೊಸದರಲ್ಲಿ ಇದೇ ಕೊಠಡಿಯಲ್ಲಿ ಕೂತು, ಪರ್ವತಯ್ಯ ತೆಗೆದುಕೊಟ್ಟ ಪುಸ್ತಕ ಓದಿಯೇ ಕೆಲಸ ಕಲಿತವರು. ಅವನು ನಿಂತೇ ಎಲ್ಲವನ್ನೂ ಹೇಳಿದ. ಮಹಾಲಿಂಗಯ್ಯನವರು ಚೀಟಿಯ ಅಂಚನ್ನು ಉಗುರಿನಿಂದ ಮುಟ್ಟಿ ನೋಡಿದರು.

“ನಿಮ್ಮ ಅಕ್ಷರ ಅಂತ ಕಣ್ಣು ಮುಚ್ಚಿ ಓದಿದೆ, ಪರ್ವತಯ್ಯನವರೆ.”

“ಹೌದು ಸ್ವಾಮಿ.”

“ಆ ಹೆಂಗಸಿಗೆ ನಾನು ಏನು ಹೇಳಿ ಕಳಿಸಿದೆ ಗೊತ್ತಾ? ನೀನು ತಡ ಮಾಡಿದೆ, ನಾನೇನು ಮಾಡಲಿ ಅಂದೆ.” ಅವರ ಮುಖ ಕೆಂಪಾಗಿತ್ತು. ಕೂಗಾಡಲಿಲ್ಲ, ಕೂಗಾಡಿದ್ದರೆ ಪರ್ವತಯ್ಯನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಒಳಗೆ ಹೋಗಿ ತಮ್ಮ ಟಿಪ್ಪಣಿ ತಂದು ನೋಡಿದರು. “ಹುಕುಂ ಆಗಿದ್ದು ಹನ್ನೆರಡನೇ ಏಪ್ರಿಲ್. ಇನ್ನು ಇಪ್ಪತ್ತನಾಲ್ಕು ದಿನ ಇದೆ. ಅವಳ ಹೆಬ್ಬೆಟ್ಟು ಇಲ್ಲದೆ ದಾವಾ ಹಾಕೋಕಾಗಲ್ಲ. ಅವಳನ್ನ ಕರ್ಕೊಂಡು ಬನ್ನಿ. ಈ ವಿಷಯ ಪುಸ್ತಕ ಭಂಡಾರದ ಸಮಿತಿ ಮುಂದೆ ಇಡಲೇಬೇಕಾಗುತ್ತೆ, ಅದನ್ನ ಈಗಲೇ ಹೇಳಿರ್ತೀನಿ.”

“ಇಡಿ ಸ್ವಾಮಿ,” ಎಂದ ಪರ್ವತಯ್ಯ.

ಮಂಗಳವಾರ ಬಸ್ಸು ಹಿಡಿದು ಪಾವಗಡಕ್ಕೆ ಹೋದ. ಅಲ್ಲಿಂದ ಅಡವಯ್ಯನೊಡನೆ ಎತ್ತಿನ ಗಾಡಿಯಲ್ಲಿ ನಿಡುಗಲ್ ಬೆಟ್ಟದ ತಪ್ಪಲಿನ ಹಟ್ಟಿಗೆ. ಭೀಮಕ್ಕನ ಮನೆಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯ ನಾಗಕ್ಕ ರಾಗಿ ಕೇರುತ್ತ ಹೇಳಿದಳು:

“ಎಲ್ಡು ತಿಂಗ್ಳಾತು ಕಣಪ್ಪ ಮಂದೆ ಹೊಡ್ಕೊಂಡ್ ಹೋಗಿ. ಅಕ್ಕ, ತಮ್ಮ, ಎಲ್ಲಾರೂವೆ. ಎಲ್ಲಿ ಮೇವು ನೀರು ಐತೋ ಅಲ್ಲಿ. ಶಿರಾ ಕಡೀಕೋ, ಕೊಲ್ಟಗೆರೆ ಕಡೀಕೋ, ನಂಗೇನ್ ಗೊತ್ತು.”

ಹಿಂದಿರುಗುವಾಗ ಅಡವಯ್ಯ ಗಾಡಿ ನಿಲ್ಲಿಸಿ ರೊಪ್ಪ ತೋರಿಸಿದ. ಗೋಡೆಯ ಒಂದು ಮಗ್ಗುಲಿನ ಕಲ್ಲುಗಳನ್ನು ಎತ್ತಿ ಹೊಲದ ಬದುವಿಗೆ ಒಟ್ಟಿದ್ದರು. ಒಳಗೆ ವರ್ಷಗಟ್ಟಲೆ ಕುರಿ ಮಲಗಿ ಗಟ್ಟಿಯಾದ ಕಪ್ಪು ನೆಲ, ಅದರ ಮೇಲೆ ಉಳಿದಿದ್ದ ಹುರುಳಿ ಕೂಳೆ. ಪರ್ವತಯ್ಯ ಕಾನೂನು ಪುಸ್ತಕಗಳ ನಡುವೆ ಇಪ್ಪತ್ತೆರಡು ವರ್ಷ ಕಳೆದಿದ್ದರೂ, ಅದರ ಒಂದು ಸಾಲು ನೆಲದ ಮೇಲೆ ಹೇಗೆ ಕಾಣುತ್ತದೆ ಎಂದು ಕಂಡದ್ದು ಅದೇ ಮೊದಲು. ಗಾಡಿಯಿಂದ ಇಳಿದು ಸ್ವಲ್ಪ ಹೊತ್ತು ನಿಂತ. ಅಡವಯ್ಯ ಅವನನ್ನು ಅವಸರಪಡಿಸಲಿಲ್ಲ.

ಆಮೇಲೆ ಸಂಘ ಕೆಲಸಕ್ಕೆ ಇಳಿಯಿತು. ನಾಲ್ಕು ತಾಲ್ಲೂಕಿನಲ್ಲಿ ಎಲ್ಲೋ ಇರುವ ಒಂದು ಕುರಿಮಂದೆಯನ್ನು ಒಬ್ಬನೇ ಹುಡುಕಲಾಗದು. ನಾಲ್ಕು ಊರಿನಲ್ಲಿ ನಾಲ್ವರು ಕೂತಿದ್ದರೆ ಹುಡುಕಬಹುದು. ಪಾವಗಡದಲ್ಲಿ ಅಡವಯ್ಯ ತಾಲ್ಲೂಕು ಕಚೇರಿಗೆ ಬಂದ ಹಳ್ಳಿಗರನ್ನೆಲ್ಲ ಕೇಳಿದ. ಪರ್ವತಯ್ಯ ಮಧುಗಿರಿ ಸಂತೆಯಲ್ಲಿ ಉಣ್ಣೆ ಮಾರುವವರ ಸಾಲಿನಲ್ಲಿ ನಿಂತ. ಕೊರಟಗೆರೆಯಿಂದ ವೆಂಕಟರಾಮಯ್ಯನ ಕಾರ್ಡು ಬಂತು: “ಎರಡು ಸಂತೆ ವಿಚಾರಿಸಿದೆ. ತೋವಿನಕೆರೆ ದಾರಿಯಲ್ಲಿ ಮೂರು ಮಂದೆ ನೋಡಿಬಂದೆ, ಅವರಲ್ಲ. ನನ್ನ ಭಯ ಇನ್ನೂ ಹೋಗಿಲ್ಲ. ಆದರೂ ನಾಳೆ ಬೇರೆ ದಾರಿಗೆ ಹೋಗುತ್ತೇನೆ.” ಪರ್ವತಯ್ಯ ಆ ಕಾರ್ಡನ್ನು ಎರಡು ಸಲ ಓದಿದ.

ಎರಡು ವಾರ ಹೀಗೇ ಕಳೆಯಿತು. “ಸಿಕ್ಕದೇ ಹೋದ್ರೆ ಏನು ಮಾಡ್ತೀರಿ?” ಎಂದು ಶಿವರುದ್ರಮ್ಮ ಒಂದು ದಿನ ಕೇಳಿಯೇಬಿಟ್ಟಳು.

“ಗೊತ್ತಿಲ್ಲ ಕಣೇ. ಹನ್ನೆರಡನೇ ತಾರೀಖು ದಾಟಿದ ಮೇಲೆ ಸಿಕ್ಕಿದ್ರೂ ಹೋಗಿ ಹೇಳ್ಬೇಕು. ಅದೊಂದು ಗೊತ್ತು.”

ಏಪ್ರಿಲ್ ನಾಲ್ಕರಂದು ಶಿರಾದಿಂದ ಬಂದ ಬಸ್ಸಿನ ಡ್ರೈವರು ಒಂದು ಚೀಟಿ ತಂದುಕೊಟ್ಟ. ದಸ್ತಗೀರ್ ಸಾಹೇಬರದು. ಜುಮ್ಮಾ ಮಸೀದಿಯ ಹತ್ತಿರ ಕಂಬಳಿ ವ್ಯಾಪಾರ ಮಾಡುವ ಅವರ ಪರಿಚಯದವರೊಬ್ಬರು ಬರಗೂರಿನ ಕಡೆ ಹೋಗಿದ್ದಾಗ, ಕೆರೆಯಂಗಳದಲ್ಲಿ ನಿಡುಗಲ್ ಕಡೆಯ ಮಂದೆ ಕಂಡಿದ್ದರಂತೆ. ಯಜಮಾನಿಕೆಯೆಲ್ಲ ಒಬ್ಬ ಹೆಂಗಸಿನದಂತೆ. “ತಕ್ಷಣ ಬನ್ನಿ, ನಾನೂ ಜೊತೆಗೆ ಬರ್ತೇನೆ.”

ಬರಗೂರು ಕೆರೆಯಲ್ಲಿ ನೀರು ನಡುವೆ ಒಂದು ತಟ್ಟೆಯಷ್ಟು ಉಳಿದಿತ್ತು. ಸುತ್ತ ಹಸಿರು ಗರಿಕೆ ಎದ್ದಿತ್ತು, ಅದರ ಮೇಲೆಲ್ಲ ಕುರಿ. ಹೊಂಗೆ ಮರದ ನೆರಳಿನಲ್ಲಿ ಭೀಮಕ್ಕ ಒಂದು ಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದಳು. ಪರ್ವತಯ್ಯನನ್ನು ನೋಡಿ ಹುಬ್ಬು ಗಂಟಿಕ್ಕಿದಳು, ಆಮೇಲೆ ಗುರುತು ಹಿಡಿದಳು.

“ನೀರ್ ಕೊಟ್ಟಯ್ನೋರಲ್ವೇ ನೀವು? ಇಲ್ಲಿಗೆಂಗ್ ಬಂದ್ರಿ?”

“ನಿನ್ನನ್ನೇ ಹುಡುಕ್ಕೊಂಡು ಬಂದೆ ತಾಯಿ.” ಅವನು ಎದುರಿಗೆ ನೆಲದ ಮೇಲೇ ಕೂತ. ಬರುವ ದಾರಿಯುದ್ದಕ್ಕೂ ಮಾತನ್ನು ಜೋಡಿಸಿಟ್ಟುಕೊಂಡಿದ್ದ, ಈಗ ಅದೆಲ್ಲ ಮರೆತುಹೋಯಿತು. “ಆವತ್ತು ವಕೀಲರು ನಿಂಗೆ ಅವಧಿ ಮೀರೈತೆ ಅಂದ್ರಲ್ಲ, ಅದು ತಪ್ಪು. ಅವರ ತಪ್ಪಲ್ಲ, ನನ್ನದು. ಪುಸ್ತಕದಲ್ಲಿ ಒಂದು ವರ್ಷ ಅಂತ ಇತ್ತು. ನಾನು ಅದರ ಮೇಲೆ ಆರು ತಿಂಗಳು ಅಂತ ಬೇರೆ ಕಡೆಯ ಚೀಟಿ ಅಂಟಿಸಿಬಿಟ್ಟಿದ್ದೆ. ನೋಡ್ದೆ ಅಂಟಿಸಿದೆ.”

ಭೀಮಕ್ಕ ಅವನನ್ನೇ ನೋಡುತ್ತಿದ್ದಳು. ಕೈಯಲ್ಲಿದ್ದ ಮರಿ ಒದ್ದಾಡಿ ಬಿಡಿಸಿಕೊಂಡು ಓಡಿತು.

“ಅಂಗಾರೆ,” ಎಂದಳು, ಒಂದೊಂದೇ ಮಾತನ್ನು ತೂಗುತ್ತ, “ಆವತ್ತು ನಾನು ಸರ್ಯಾದ್ ಹೊತ್ಗೇ ಬಂದಿದ್ನಾ?”

“ಹೌದು ತಾಯಿ. ಸರಿಯಾದ ಹೊತ್ತಿಗೇ ಬಂದಿದ್ದೆ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುತ್ತಿದ್ದಾಳೆಂದು ಪರ್ವತಯ್ಯ ತಿಳಿದ. ಆದರೆ ಸೆರಗು ತೆಗೆದಾಗ ಕಣ್ಣಲ್ಲಿ ಇದ್ದದ್ದು ಸಿಟ್ಟು.

“ನನ್ ತಮ್ಮ ಕಾಟಪ್ಪ ಬ್ಯಾಸ್ಗೇಲೇ ಹೋಗಕ್ಕ ಅಂದ. ಕುರಿ ಈಯೋ ಹೊತ್ತು ಕಣ್ಲಾ, ಮರಿ ಎದ್ಮೇಲೆ ಹೋಯ್ತೀನಿ ಅಂದೆ ನಾನು. ನಿಮ್ಮೂರಿಂದ ಬಂದು, ಹೊತ್ತಾಗೋಯ್ತಂತೆ ಕಣೋ ಅಂದೆ ನೋಡು, ಆವತ್ನಿಂದ ಅವ್ನು ನನ್ ಮಕ ನೋಡಿ ಮಾತಾಡಿಲ್ಲ. ಅಜ್ಜನ್ ರೊಪ್ಪ ನಿನ್ನಿಂದ ಹೋಯ್ತು ಅಂತ ಹಟ್ಟಿಯೋರ್ ಮುಂದೆ ಅಂದ. ಐದು ತಿಂಗ್ಳು ಕಣಪ್ಪ. ಐದು ತಿಂಗ್ಳು ನಾನೂ ಅಂಗೇ ಅಂದ್ಕೊಂಡಿವ್ನಿ, ನನ್ನಿಂದ್ಲೇ ಹೋಯ್ತು ಅಂತ.”

ಪಕ್ಕದಲ್ಲಿ ನಿಂತಿದ್ದ ದಸ್ತಗೀರ್ ಸಾಹೇಬರು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

“ದಾವಾ ಹಾಕೋಕೆ ಇನ್ನೂ ಏಳು ದಿನ ಇದೆ ಅಕ್ಕ,” ಎಂದರು ಸಾಹೇಬರು. “ವಕೀಲರು ಕಾಯ್ತಾವ್ರೆ. ನೀನು ಬಂದ್ರೆ ಸಾಕು.”

“ಬತ್ತೀನಿ. ಆದ್ರೆ ಮೊದ್ಲು ನನ್ಗೆ ಹೇಳಿದ್ನ ನನ್ ತಮ್ಮನ್ ಮುಂದೆ ಹೇಳ್ಬೇಕು ಈ ಅಯ್ನೋರು. ಅವ್ನೊಬ್ಬನ್ ಮುಂದಲ್ಲ. ಮಂದೇಲಿರೋ ಎಲ್ಲಾರ್ ಮುಂದೆ.”

ಕೆರೆಯ ಆ ಬದಿಯಿಂದ ಕಾಟಪ್ಪನನ್ನು ಕೂಗಿದರು. ಅವನ ಜೊತೆ ಇನ್ನೂ ಐದಾರು ಜನ ಬಂದರು, ಕೋಲೂರಿಕೊಂಡು ಸುತ್ತ ನಿಂತರು. ಪರ್ವತಯ್ಯ ಎದ್ದು ನಿಂತು ಹೇಳಿದ. ಈ ಸಲ ಮಾತು ತಡವರಿಸಲಿಲ್ಲ. ೧೨ ಮತ್ತು ೨೧ನ್ನು ಕಡ್ಡಿಯಿಂದ ಮಣ್ಣಿನ ಮೇಲೆ ಬರೆದೂ ತೋರಿಸಿದ. “ನಿಮ್ಮಕ್ಕ ತಡ ಮಾಡಲಿಲ್ಲಪ್ಪ. ಅವಳು ಬಂದಾಗ ಇನ್ನೂ ಐದು ತಿಂಗಳು ಬಾಕಿ ಇತ್ತು. ಅವಳನ್ನ ಬರಿಗೈಲಿ ಕಳಿಸಿದ್ದು ನನ್ನ ಕೈ.”

ಕಾಟಪ್ಪ ಮಣ್ಣಿನ ಮೇಲಿನ ಅಂಕಿಗಳನ್ನು ನೋಡಿದ. ಅವನಿಗೆ ಓದು ಬರುತ್ತಿರಲಿಲ್ಲ. ಎರಡೂ ಗುರುತು ಒಂದೇ, ಹಿಂದುಮುಂದಾಗಿವೆ ಎಂಬುದು ಮಾತ್ರ ಕಾಣುತ್ತಿತ್ತು. ಅಕ್ಕನ ಕಡೆ ತಿರುಗದೆಯೇ, “ಬಸ್ಸಿಗೆ ಹೋಗೋವಾಗ ಬುತ್ತಿ ಕಟ್ಕೋ. ಮಂದೆ ನಾನ್ ನೋಡ್ಕೊಂತೀನಿ,” ಎಂದ. ಭೀಮಕ್ಕ ಬುತ್ತಿಯ ಬಟ್ಟೆ ಕೊಡವಿದಳು.

ಏಪ್ರಿಲ್ ಒಂಬತ್ತು, ಸೋಮವಾರ, ಮಹಾಲಿಂಗಯ್ಯನವರು ದಾವಾ ಹಾಕಿದರು. ಭೀಮಕ್ಕ ಹೆಬ್ಬೆಟ್ಟು ಒತ್ತುವಾಗ ಅವರು, “ಆವತ್ತು ನಿಂಗೆ ತಡ ಮಾಡಿದೆ ಅಂದಿದ್ದೆನಲ್ಲಮ್ಮ, ಅದನ್ನ ಹಿಂದಕ್ಕೆ ತಗೋತೀನಿ. ಇದಕ್ಕೆ ನನ್ನ ಫೀಜೂ ಬೇಡ” ಎಂದರು. ಅವಳು ತಲೆಯಾಡಿಸಿ, ಬೆರಳಿನ ಮಸಿಯನ್ನು ಗೋಡೆಗೆ ಒರೆಸಿ, ಮಧ್ಯಾಹ್ನದ ಬಸ್ಸಿಗೆ ಹೋದಳು.

ಅದೇ ವಾರ ಸಮಿತಿ ಸೇರಿತು. ಪರ್ವತಯ್ಯ ರಾಜೀನಾಮೆ ಬರೆದುಕೊಂಡೇ ಹೋಗಿದ್ದ. ಅವನು ಜಗಲಿ ಹತ್ತಿದರೆ ಅಲ್ಲಿ ದಸ್ತಗೀರ್ ಸಾಹೇಬರು, ಅಡವಯ್ಯ, ವೆಂಕಟರಾಮಯ್ಯ ಮೂವರೂ ಕೂತಿದ್ದರು. ಅವನು ಕರೆದಿರಲಿಲ್ಲ. ವೆಂಕಟರಾಮಯ್ಯ ಬಿಳಿ ಕೋಟು ತೊಟ್ಟು, ಕೈಯಲ್ಲಿ ಸಂಘದ ಮೊಹರು ಒತ್ತಿದ ಕಾಗದ ಹಿಡಿದಿದ್ದ. ಸಮಿತಿಯ ಮುಂದೆ ನಿಂತು ಓದಿದವನು ಅವನೇ.

ಕಾಗದದಲ್ಲಿ ಕ್ಷಮೆಯ ಬೇಡಿಕೆ ಇರಲಿಲ್ಲ. ಇನ್ನು ಮುಂದೆ ನಾಲ್ಕೂ ಊರಿನಲ್ಲಿ ಯಾವ ಚೀಟಿಯನ್ನೂ ಒಬ್ಬನೇ ಅಂಟಿಸಕೂಡದು; ಮೊದಲು ಸೀಸದ ಕಡ್ಡಿಯಿಂದ ಪುಟದ ಅಂಚಿನಲ್ಲಿ ಬರೆಯುವುದು, ಇನ್ನೊಬ್ಬ ಪಾಲಕ ಬಂದು ಕೆಳಗಿನ ಅಕ್ಷರ ಓದಿ ರುಜು ಹಾಕಿದ ಮೇಲೆಯೇ ಅಂಟು; ತಪ್ಪು ಸಿಕ್ಕಿದರೆ ಅದನ್ನು ಮುಚ್ಚದೆ, ಆ ಪುಟ ಓದಿದ ಪ್ರತಿಯೊಬ್ಬ ವಕೀಲರಿಗೂ ತಿಳಿಸುವುದು. ಕೊನೆಯಲ್ಲಿ ಒಂದು ಸಾಲು: “ಈ ತಪ್ಪನ್ನು ಕಂಡುಹಿಡಿದದ್ದೂ ಸಂಘದ ಸಭೆಯೇ, ಒಪ್ಪಿಕೊಂಡದ್ದು ತಪ್ಪು ಮಾಡಿದವನೇ, ಎಂಬುದನ್ನು ಸಮಿತಿ ಗಮನಿಸಬೇಕು.”

“ಸಂಘ ಅಂತ ಆಟ ಆಡ್ತಿದೀರಿ ಅಂದ್ಕೊಂಡಿದ್ವಿ,” ಎಂದರು ಸಮಿತಿಯ ಹಿರಿಯರೊಬ್ಬರು. ಯಾರೂ ನಗಲಿಲ್ಲ. ಪರ್ವತಯ್ಯನ ತಪ್ಪನ್ನು ನಡವಳಿ ಪುಸ್ತಕದಲ್ಲಿ ಬರೆದು, ರಾಜೀನಾಮೆಯನ್ನು ಅವನಿಗೇ ಹಿಂದಕ್ಕೆ ಕೊಟ್ಟರು.

ಅಲ್ಲಿಗೆ ಎಲ್ಲವೂ ಮೊದಲಿನಂತಾಯಿತು ಎಂದೇನೂ ಅಲ್ಲ. ಅಲ್ಲಿಂದ ಮುಂದೆ ಮಹಾಲಿಂಗಯ್ಯನವರು ಯಾವ ಪುಸ್ತಕ ತೆರೆದರೂ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಚೀಟಿಯ ಕೆಳಗಿನ ಅಕ್ಷರ ನೋಡಿಯೇ ಓದುತ್ತಿದ್ದರು. ಮೊದಮೊದಲು ಪರ್ವತಯ್ಯನಿಗೆ ಅದು ಎದೆಗೆ ಚುಚ್ಚುತ್ತಿತ್ತು. ಆಗ ಮುಖ ತಿರುಗಿಸಿ ಬೀರು ಒರೆಸಲು ಹೋಗುತ್ತಿದ್ದ. ಒಂದೆರಡು ತಿಂಗಳ ಮೇಲೆ, ಅವರು ಬಂದ ಕೂಡಲೆ ಕಿಟಕಿಯ ಬಾಗಿಲನ್ನು ತಾನೇ ಪೂರ್ತಿ ತೆರೆದಿಡತೊಡಗಿದ.

ಆಷಾಢದಲ್ಲಿ ಸಭೆ ಪಾವಗಡದಲ್ಲಿ. ಅಡವಯ್ಯನ ಮನೆಯ ಪಡಸಾಲೆಯಲ್ಲಿ ಎಲ್ಲರೂ ಕೂತ ಮೇಲೆ ವೆಂಕಟರಾಮಯ್ಯ ಜೇಬಿನಿಂದ ಒಂದು ಪಟ್ಟಿ ತೆಗೆದ. “ಮಧುಗಿರಿಯಿಂದ ಹೋದಮೇಲೆ ನನ್ನ ಬೀರು ಪೂರ್ತಿ ನೋಡಿದೆ,” ಎಂದ. “ಮೂರು ತಪ್ಪು ಸಿಕ್ತು. ಎರಡನ್ನ ಯಾರೂ ಓದಿಲ್ಲ. ಒಂದನ್ನ ಓದಿದಾರೆ. ನಿನ್ನೆ ಆ ವಕೀಲರ ಮನೆಗೆ ಹೋಗಿ ಹೇಳಿಬಂದೆ.”

“ಏನಂದ್ರು?” ಎಂದ ಪರ್ವತಯ್ಯ.

“ಬೈದ್ರು.” ವೆಂಕಟರಾಮಯ್ಯ ಸ್ವಲ್ಪ ನಕ್ಕ. “ಬೈದಮೇಲೆ ಕಾಫಿ ಕೊಟ್ರು.”

ಭೀಮಕ್ಕನ ದಾವೆ ಒಂದೂವರೆ ವರ್ಷ ನಡೆಯಿತು. ಸಾಕ್ಷಿಗಳು ಬಂದರು, ಕೋರ್ಟು ನೇಮಿಸಿದ ಕಮಿಷನರು ಹೋಗಿ ಜಾಗ ಅಳೆದು ನಕ್ಷೆ ತಂದರು. ರೊಪ್ಪದ ಜಾಗ ಭೀಮಕ್ಕ, ಕಾಟಪ್ಪ ಇವರದೇ ಎಂದು ತೀರ್ಪಾಯಿತು. ರೊಪ್ಪದ ಹಿಂದಿನ ಒಂದು ಪಟ್ಟಿ ನೆಲ ಮಾತ್ರ ಹೊಲದವನಿಗೆ ಉಳಿಯಿತು. ತೀರ್ಪಿನ ದಿನ ಅಕ್ಕ ತಮ್ಮ ಇಬ್ಬರೂ ಬಂದಿದ್ದರು. ಕೋರ್ಟಿನ ಮೆಟ್ಟಿಲಿಳಿದು ಹೋಗುವುದನ್ನು ಪರ್ವತಯ್ಯ ಕೊಠಡಿಯ ಒಳಗಿನಿಂದ ನೋಡಿದ. ಕಾಟಪ್ಪ ಏನೋ ಹೇಳುತ್ತಿದ್ದ, ಭೀಮಕ್ಕ ಜೋರಾಗಿ ಅವನನ್ನು ಬೈಯುತ್ತಿದ್ದಳು. ಅವನು ನಗುತ್ತ ಅವಳ ಗಂಟನ್ನು ತಾನೇ ಎತ್ತಿಕೊಂಡ. ಅವರು ಈ ಕಡೆ ತಿರುಗಿ ನೋಡಲಿಲ್ಲ. ಬಸ್ಸು ಹೊರಡುವ ಹೊತ್ತಾಗಿತ್ತು.

ಪರ್ವತಯ್ಯನಿಗೆ ಅದರಿಂದ ಬೇಸರವೇನೂ ಆಗಲಿಲ್ಲ. ಅವರು ತನಗೆ ಹೇಳಬೇಕಾದದ್ದು ಏನೂ ಉಳಿದಿರಲಿಲ್ಲ. ಮೇಜಿನ ಮುಂದೆ ಕೂತು ಮೂರು ಕಾರ್ಡು ತೆಗೆದು, ತೀರ್ಪಿನ ಸುದ್ದಿಯನ್ನು ಶಿರಾಕ್ಕೆ, ಕೊರಟಗೆರೆಗೆ, ಪಾವಗಡಕ್ಕೆ ಬರೆಯತೊಡಗಿದ.